ಪೈಲ್ ಹೊರುವ ಭಾರವನ್ನು ಹೇಗೆ ಪರೀಕ್ಷಿಸಿದಿರಿ?

ಕುಂಬಳೆಯಿಂದ ಪ್ರಶ್ನೆ: ನಮ್ಮಲ್ಲಿ ಹೊಳೆಬದಿಯ ಕೆಸರುಮಣ್ಣಿನಲ್ಲಿ ಕಿರುಸೇತುವೆಗಾಗಿ 300 ಮಿ.ಮೀ. ಚದರದ ಸಿದ್ಧ ಕಾಂಕ್ರೀಟ್ ಪೈಲ್‌ಗಳನ್ನು (ನೆಲದೊಳಗಿನ ಅಡಿಪಾಯದ ಕಂಬಗಳನ್ನು) ಬಡಿದು ಇಳಿಸಲಾಗಿದೆ. ಒಂದೊಂದರ ವಿನ್ಯಾಸ ಭಾರ 40 ಟನ್. ಕೊನೆಯ ಹತ್ತು ಪೆಟ್ಟಿಗೆ ಪೈಲ್ ಎಷ್ಟು ಇಳಿಯಿತೆಂಬ ಲೆಕ್ಕವೇ ಸಾಕು, ಭಾರ ಪರೀಕ್ಷೆ ಬೇಡವೆಂದು ಗುತ್ತಿಗೆದಾರರು ಹೇಳುತ್ತಾರೆ. ಅನುಭವವುಳ್ಳವರು ತಿಳಿಸಬೇಕಾಗಿ ವಿನಂತಿ.

ಮಂಜೇಶ್ವರದಿಂದ: ಆ ಲೆಕ್ಕ ಮರಳಿನಲ್ಲಿ ತಕ್ಕಮಟ್ಟಿಗೆ ನಡೆದೀತು, ಕೆಸರಿನಲ್ಲಿ ನಂಬುವಂತಿಲ್ಲ. ಪೈಲ್ ನುಗ್ಗುವಾಗ ಜೇಡಿ ಕಲಸಿಹೋಗಿ, ಅದರೊಳಗಿನ ನೀರಿನ ಒತ್ತಡ ಏರುವುದರಿಂದ ಬಡಿದ ದಿನ ಹಿಡಿತ ಕಡಿಮೆಯಿರುತ್ತದೆ. ನೀರು ಬಸಿದು ಒತ್ತಡ ಇಳಿದಂತೆ ಹಿಡಿತವೂ ವಾರಗಟ್ಟಲೆ ಬೆಳೆಯುತ್ತದೆ. ಬೆಣ್ಣೆಯೊಳಗೆ ಇಳಿದಂತೆ ಇಳಿಯುತ್ತಿದ್ದ ಪೈಲೊಂದು ಎರಡು ವಾರದ ಬಳಿಕ ಅದೇ ಸುತ್ತಿಗೆಗೆ ಜಪ್ಪಯ್ಯ ಎಂದರೂ ಕದಲದ್ದನ್ನು ನಾನೇ ಕಂಡಿದ್ದೇನೆ. ಬಹಳ ದಟ್ಟವಾದ ಮರಳಿನಲ್ಲಿ ಇದಕ್ಕೆ ವಿರುದ್ಧವಾಗಿ ಹಿಡಿತ ಸಡಿಲುವುದೂ ಉಂಟು. ಆದುದರಿಂದ ಕಾದು, ಆಮೇಲೆ ಭಾರ ಹೇರಿಯೇ ನೋಡಿ. ಪೈಲ್ ಅಡಿಪಾಯದ ಭಾರತೀಯ ಮಾನಕವಾದ ಐಎಸ್ 2911ರ ನಾಲ್ಕನೆಯ ಭಾಗದಂತೆ, ಕಟ್ಟಡಕ್ಕೇ ಬಳಸುವ ಪೈಲಿಗೆ ವಿನ್ಯಾಸ ಭಾರದ ಒಂದೂವರೆ ಪಟ್ಟು, ಅಂದರೆ ನಿಮ್ಮಲ್ಲಿ 60 ಟನ್ ಹೇರಬೇಕು; ಕುಸಿತ 12 ಮಿ.ಮೀ. ಮೀರಬಾರದು.

ಕಾಸರಗೋಡಿನಿಂದ: ಅಳತೆಯ ಬಗ್ಗೆ ಒಂದು ಮಾತು. ಒಂದು ಹಂತದ ಭಾರದಲ್ಲಿ ಕುಸಿತ ಅರ್ಧ ಗಂಟೆಗೆ 0.1 ಮಿ.ಮೀ.ಗೆ ಇಳಿದರೆ ಮುಂದಿನ ಹಂತಕ್ಕೆ ಹೋಗಬಹುದು. ಆದರೆ ಕುಸಿತವನ್ನು ಮುಳ್ಳಿನಿಂದ ತೋರಿಸುವ ಡಯಲ್ ಗೇಜನ್ನು ಹಿಡಿದ ಒಂದು ಮೀಟರ್ ಉಕ್ಕಿನ ಕಂಬಿ ಹತ್ತು ಡಿಗ್ರಿ ಬಿಸಿಯೇರಿದರೆ ತಾನೇ ಸುಮಾರು 0.12 ಮಿ.ಮೀ. ಹಿಗ್ಗುತ್ತದೆ! ನಮ್ಮಲ್ಲಿ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ, ಭಾರ ಬದಲಾಗದಿದ್ದರೂ ಮುಳ್ಳು ಓಡತೊಡಗಿತು. ಮಡಲಿನ ಚಪ್ಪರ ಕಟ್ಟಿಸಿದ ಮೇಲೆಯೇ ಅದು ನಿಂತದ್ದು. ಆಧಾರದ ಕಂಬಿಯ ಕಾಲುಗಳು ಪೈಲಿನಿಂದಲೂ ಹೇರಿಕೆಯ ರಾಶಿಯಿಂದಲೂ ದೂರವಿರಲಿ.

ಉಪ್ಪಳದಿಂದ: ಮೇಲೆ ಪೇರಿಸಿದ ಮರಳುಚೀಲಗಳ ತೂಕವೇ ಪರೀಕ್ಷೆಯ ಭಾರವೆಂದು ಹಲವರು ತಿಳಿಯುತ್ತಾರೆ. ಅದು, ಪೈಲಿನ ತಲೆಯ ಮೇಲೆ ಕೂತು ಅದನ್ನು ಕೆಳಕ್ಕೆ ಒತ್ತುವ ಜಾಕ್ ಮೇಲಕ್ಕೆ ಒತ್ತಿಕೊಳ್ಳುವ ಛಾವಣಿ ಮಾತ್ರ. ಅದು ಪರೀಕ್ಷೆಯ ಭಾರಕ್ಕಿಂತ ಕಾಲು ಪಾಲು ಹೆಚ್ಚೇ ಇರಬೇಕಾದುದರಿಂದ ನಿಮಗೆ 75 ಟನ್, ಎಂದರೆ ಐವತ್ತು ಕಿಲೋದ 1500 ಚೀಲ ಬೇಕಾದೀತು. ಮುರಕಲ್ಲು ಪೇರಿಸಿದರೂ ಆಗುತ್ತದೆ. ನಿಜವಾದ ಭಾರ ತಿಳಿಯುವುದು ಜಾಕಿನ ಮಾಪಕದಿಂದ, ಹಾಗಾಗಿ ಅದು ಸರಿಯಾಗಿ ತೋರಿಸುತ್ತದೆಂಬ ಕ್ಯಾಲಿಬ್ರೇಶನ್ ಪತ್ರವನ್ನು ಮೊದಲೇ ಕೇಳಿ ಪಡೆಯಿರಿ. ಪರೀಕ್ಷಿಸುವ ಪೈಲನ್ನು ಗುತ್ತಿಗೆದಾರರು ಆರಿಸದಿರಲಿ. ಬಡಿಯುವಾಗ ಅತಿ ಸಲೀಸಾಗಿ ಇಳಿದದ್ದನ್ನು ದಾಖಲೆ ಪುಸ್ತಕ ನೋಡಿ ನೀವೇ ತೋರಿಸಿ.