ಸೂರಲ್ ನರ ಮೂರನೇ ಬೆರಳಿನವರೆಗೆ: ವೇರಿಯೇಷನ್ನೋ, ಡಿಸೆಕ್ಷನ್ನಿನಲ್ಲಿ ಕಳೆದದ್ದೋ?

ಅನಾಟಮಿ ಪಿಜಿ, ಮಂಗಳೂರು

ಎಲ್ಲರಿಗೂ ನಮಸ್ಕಾರ. ಕೊಯ್ದು ಕಲಿಯಲು ಫಾರ್ಮಲಿನ್ ಹಾಕಿ ಕೆಡದಂತೆ ಇಟ್ಟ ದೇಹದ ಎಡಗಾಲಿನ ಬಗ್ಗೆ ಪ್ರಶ್ನೆ. ಸೂಪರ್‌ಫಿಶಿಯಲ್ ಪೆರೋನಿಯಲ್ ನರ (ಕಾಲಿನ ಹೊರಬದಿಯಿಂದ ಪಾದದ ಮೇಲ್ಮೈಗೆ ಬರುವುದು) ಹೊರಗಿಣ್ಣಿನ ತುದಿಯಿಂದ 11 ಸೆಂ.ಮೀ. ಮೇಲೆ ಫ್ಯಾಸಿಯಾ (ಸ್ನಾಯುಗಳನ್ನು ಸುತ್ತಿದ ಪೊರೆ) ತೂರಿ ಹೊರಬಂದಿದೆ. ಅಲ್ಲಿಂದ ಮುಂದಕ್ಕೆ ಒಂದೇ ಕವಲು, ಮೀಡಿಯಲ್ ಡಾರ್ಸಲ್ ಕ್ಯುಟೇನಿಯಸ್ (ಪಾದದ ಮೇಲ್ಮೈಯ ಒಳಬದಿಯ ಚರ್ಮಕ್ಕೆ ಹೋಗುವುದು). ಇಂಟರ್‌ಮೀಡಿಯಟ್ (ಹೊರಬೆರಳುಗಳ ಚರ್ಮಕ್ಕೆ ಹೋಗಬೇಕಾದ ಇನ್ನೊಂದು ಕವಲು) ಎಲ್ಲೂ ಕಾಣುವುದಿಲ್ಲ. ಮೀನಖಂಡದಿಂದ ಇಳಿದು ಸಾಮಾನ್ಯವಾಗಿ ಪಾದದ ಹೊರ ಅಂಚಿಗೆ ಹೋಗುವ ಸೂರಲ್ ನರ ಮಾತ್ರ ದಪ್ಪವಾಗಿ ಬಂದು ಕಿರುಬೆರಳು ಮತ್ತು ನಾಲ್ಕನೇ ಬೆರಳಿನ ಎರಡೂ ಬದಿಗೆ, ಮೂರನೆಯದರ ಹೊರಬದಿಗೆ ಕವಲು ಕೊಟ್ಟಿದೆ. ಬಲಗಾಲು ಪುಸ್ತಕದಲ್ಲಿದ್ದ ಹಾಗೆಯೇ ಉಂಟು.

ಇಂಟರ್‌ಮೀಡಿಯಟ್ ನಿಜವಾಗಿ ಇಲ್ಲವೋ, ಚರ್ಮದ ಜೊತೆ ಎದ್ದುಹೋಯಿತೋ ಎಂದು ಖಚಿತ ಮಾಡುವುದು ಹೇಗೆ? ದಾಖಲಿಸುವಾಗ ಏನೇನು ಅಳೆಯಬೇಕು? ರೋಗಿಯ ಕಾಲಿನಲ್ಲಿ ಇದರಿಂದ ಏನಾದರೂ ವ್ಯತ್ಯಾಸ ಉಂಟಾ?

ಶಾರೀರ ಮೇಷ್ಟ್ರು, ಮಣಿಪಾಲ

"ಇಲ್ಲ" ಎಂದು ಬರೆಯುವ ಮೊದಲು ಮೇಲಿನಿಂದ ಹುಡುಕಿ. ಪಾದದಲ್ಲಿ ಎಷ್ಟು ಕೆದಕಿದರೂ ಇದು ತೀರ್ಮಾನ ಆಗುವುದಿಲ್ಲ. ಕೆಲವರಲ್ಲಿ ಇಂಟರ್‌ಮೀಡಿಯಟ್ ಕವಲು ಫ್ಯಾಸಿಯಾದ ಒಳಗೇ ಬೇರ್ಪಟ್ಟು, ಬೇರೆ ತೂತಿನಿಂದ, ಇನ್ನೂ ಕೆಳಗೆ ಹೊರಬೀಳುತ್ತದೆ. ಫಿಬ್ಯುಲಾದ (ಕಾಲಿನ ಹೊರಬದಿಯ ತೆಳು ಎಲುಬಿನ) ಹಿಂದೆ ಹೊರಬಂದು, ಎಲುಬನ್ನು ಅಡ್ಡ ದಾಟಿ ಪಾದಕ್ಕೆ ಇಳಿಯುವುದೂ ಉಂಟು. ನೀವು 11 ಸೆಂ.ಮೀ.ನಲ್ಲಿ ಕಂಡ ತೂತು ಬರೀ ಮೀಡಿಯಲ್ ಕವಲಿನದ್ದು ಆಗಿರಬಹುದು.

ಫಿಬ್ಯುಲಾದ ಕುತ್ತಿಗೆಯಲ್ಲಿ ಕಾಮನ್ ಪೆರೋನಿಯಲ್ ನರವನ್ನು (ಸೂಪರ್‌ಫಿಶಿಯಲ್ ಕವಲೊಡೆಯುವ ಮೂಲ ನರವನ್ನು) ಹಿಡಿಯಿರಿ. ಲ್ಯಾಟರಲ್ ಕಂಪಾರ್ಟ್‌ಮೆಂಟಿನ (ಕಾಲಿನ ಹೊರಬದಿಯ ಸ್ನಾಯುಗಳ ಕೋಣೆಯ) ಫ್ಯಾಸಿಯಾವನ್ನು ಉದ್ದಕ್ಕೆ ಸೀಳಿ, ಅಲ್ಲಿನ ಪೆರೋನಿಯಸ್ ಲಾಂಗಸ್ ಸ್ನಾಯುವನ್ನು ಸರಿಸಿ, ಕಾಂಡವನ್ನು ಕೆಳಕ್ಕೆ ಹಿಂಬಾಲಿಸಿ. ಮುಂದಿನ ಸೆಪ್ಟಮ್ಮಿನ (ಕೋಣೆಗಳ ನಡುವಿನ ಗೋಡೆಯ) ಎರಡೂ ಬದಿ ನೋಡಲೇಬೇಕು. ನರ ಕೆಲವೊಮ್ಮೆ ಆಂಟೀರಿಯರ್ ಕಂಪಾರ್ಟ್‌ಮೆಂಟಿನಲ್ಲಿ ಇಳಿಯುತ್ತದೆ, ಕೆಲವೊಮ್ಮೆ ಎರಡರಲ್ಲೂ ಒಂದೊಂದು ಕವಲು. ಎಲ್ಲಾದರೂ ಕಡಿದ ತುದಿ ಸಿಕ್ಕಿದರೆ ಅದು ಕೈತಪ್ಪು. ಕಾಂಡ ಉದ್ದಕ್ಕೂ ಅಖಂಡವಾಗಿದ್ದು ಮೀಡಿಯಲ್ ಕವಲಾಗಿಯೇ ಮುಂದುವರಿದರೆ ವೇರಿಯೇಷನ್ ಎಂದು ಧೈರ್ಯವಾಗಿ ಬರೆಯಿರಿ. ಸೂರಲ್ ದಪ್ಪ ಇರುವುದು, ಅದರ ಕವಲುಗಳು ಮೂರು ಬೆರಳಿಗೆ ನೇರವಾಗಿ ಹೋಗಿರುವುದು ನಿಮ್ಮ ಪರವಾದ ಸಾಕ್ಷಿ. ಈ ಎರಡು ನರ ಪರಸ್ಪರ ಜಾಗ ಹಂಚಿಕೊಳ್ಳುವುದು ಮಾಮೂಲಿ: ಒಂದು ಸಣ್ಣದಾದರೆ ಇನ್ನೊಂದು ಆ ಜಾಗಕ್ಕೆ ಹಬ್ಬಿರುತ್ತದೆ.

ತೆಗೆದ ಚರ್ಮವನ್ನು ಬಿಸಾಡಿಲ್ಲ ತಾನೇ? ಅದರ ಒಳಮೈಯನ್ನು ಲೆನ್ಸ್ ಕೆಳಗೆ ನೋಡಿ. ಪಾದದ ಮೇಲಿನ ಚರ್ಮ ತೀರಾ ತೆಳು. ಬ್ಲೇಡು ಸ್ವಲ್ಪ ಆಳಕ್ಕೆ ಹೋದರೂ ಕೊಬ್ಬಿನ ಜೊತೆ ನರ ಎದ್ದುಬರುತ್ತದೆ. ಇಲ್ಲಿ ನರಗಳು ಹೆಚ್ಚಾಗಿ ರಕ್ತನಾಳಗಳ ಅಡಿಯಲ್ಲಿ ಇರುತ್ತವೆ, ಆದ್ದರಿಂದ ವೀನಸ್ ಆರ್ಚ್ (ಪಾದದ ಮೇಲಿನ ಅಭಿಧಮನಿಗಳ ಕಮಾನು) ಕಂಡ ಕೂಡಲೇ ಬ್ಲೇಡು ಬಿಟ್ಟು, ತುದಿ ಮೊಂಡಾದ ಕತ್ತರಿಯನ್ನು ನರದ ಉದ್ದಕ್ಕೆ ತೆರೆಯುತ್ತಾ ಹೋಗಬೇಕು. ಅಡ್ಡಕ್ಕೆ ತೆರೆದರೆ ಸಣ್ಣ ಕವಲು ಹರಿಯುತ್ತದೆ. ಎಳೆ ನರವೋ ಫ್ಯಾಸಿಯಾವೋ ಎಂಬ ಅನುಮಾನ ಇದ್ದರೆ 5 ಮಿ.ಮೀ. ತುಂಡು ಹಿಸ್ಟಾಲಜಿಗೆ ಕೊಡಿ. ಹೆಚ್ ಆಂಡ್ ಇ ಬಣ್ಣ ಹಾಕಿದ ಸ್ಲೈಡಿನಲ್ಲಿ ಪೆರಿನ್ಯೂರಿಯಮ್ ಪೊರೆ ಸುತ್ತಿದ ಫ್ಯಾಸಿಕಲ್ (ನರತಂತುಗಳ ಕಟ್ಟು) ಕಂಡರೆ ವಾದವೇ ಇಲ್ಲ.

ದಾಖಲೆಗೆ "ಸೂರಲ್ ಎರಡೂವರೆ ಬೆರಳಿಗೆ" ಎಂದು ಬರೆದರೆ ಸಾಲದು. ಐದು ಬೆರಳಿಗೆ ಹತ್ತು ಬದಿ. ಹೆಬ್ಬೆರಳಿನ ಒಳಬದಿ 1, ಕಿರುಬೆರಳಿನ ಹೊರಬದಿ 10. ಪುಸ್ತಕದ ಪ್ರಕಾರ 1, 4, 5 ಮೀಡಿಯಲ್ ಡಾರ್ಸಲ್, 2, 3 ಡೀಪ್ ಪೆರೋನಿಯಲ್ (ಕಾಮನ್ ಪೆರೋನಿಯಲ್‌ನ ಇನ್ನೊಂದು ಕವಲು), 6ರಿಂದ 9 ಇಂಟರ್‌ಮೀಡಿಯಟ್, 10 ಸೂರಲ್. ನಿಮ್ಮ ಕಾಲಿನಲ್ಲಿ 6ರಿಂದ 10 ಪೂರ್ತಿ ಸೂರಲ್. ಹೀಗೆ ಬರೆದರೆ ಎರಡು ಕಾಲುಗಳನ್ನು ಹೋಲಿಸುವುದು ಸುಲಭ, ಎರಡು ನರಗಳನ್ನು ಜೋಡಿಸುವ ಕೂಡುಕವಲು ಇದ್ದರೆ ಎರಡೂ ನರದ ಹೆಸರು ಒಂದೇ ಮನೆಯಲ್ಲಿ ಬರೆಯಬಹುದು. ಪಾದವನ್ನು 90 ಡಿಗ್ರಿಗೆ ನಿಲ್ಲಿಸಿಯೇ ಅಳೆಯಿರಿ. ತೂತಿನ ಎತ್ತರದ ಜೊತೆ ಫಿಬ್ಯುಲಾದ ಒಟ್ಟು ಉದ್ದವೂ ಬೇಕು. ಗಿಡ್ಡ ಕಾಲಿನ 11 ಸೆಂ.ಮೀ., ಉದ್ದ ಕಾಲಿನ 11 ಸೆಂ.ಮೀ. ಒಂದೇ ಅಲ್ಲ. ಸೂರಲ್ ಮೇಲ್ಗಡೆ ಹೇಗೆ ಹುಟ್ಟಿದೆ, ಕಮ್ಯುನಿಕೇಟಿಂಗ್ (ಜೋಡಿಸುವ) ಕವಲು ಬಂದು ಸೇರಿದೆಯೋ ಇಲ್ಲವೋ, ಅದನ್ನೂ ಮೀನಖಂಡದವರೆಗೆ ಹೋಗಿ ನೋಡಿ.

ಹೆಸರಿನ ವಿಷಯ: 1998ರ ಅಂತರರಾಷ್ಟ್ರೀಯ ಪದಪಟ್ಟಿಯ ನಂತರ ಪೆರೋನಿಯಲ್ ಬದಲು ಫಿಬ್ಯುಲಾರ್ ಎಂದು ಬರೆಯುತ್ತಾರೆ. ಥೀಸಿಸ್ಸಿನಲ್ಲಿ ಒಂದನ್ನೇ ಕೊನೆಯವರೆಗೆ ಬಳಸಿ.

ಅರಿವಳಿಕೆ, ಉಡುಪಿ

ಆಂಕಲ್ ಬ್ಲಾಕ್ (ಗಿಣ್ಣಿನ ಸುತ್ತ ಚುಚ್ಚಿ ಪಾದ ಮರಗಟ್ಟಿಸುವುದು) ಕೊಡುವವರಿಗೆ ಇದು ಬಹಳ ಮುಖ್ಯ. ನಾಲ್ಕನೇ ಬೆರಳಿನ ಆಪರೇಷನ್, ಸೂಪರ್‌ಫಿಶಿಯಲ್ ಪೆರೋನಿಯಲ್ ಬ್ಲಾಕ್ ಚೆನ್ನಾಗಿ ಕೂತಿದೆ, ಆದರೂ ಮೇಲಿನ ಚರ್ಮ ನೋಯುತ್ತದೆ ಎಂದರೆ ಮೊದಲು ಸೂರಲ್ ನೆನಪಾಗಬೇಕು. ಅಲ್ಲಿಗೇ ಮತ್ತೆ ಮತ್ತೆ ಚುಚ್ಚಿ ಔಷಧಿ ಸುರಿಯುವುದು ತಪ್ಪು ದಾರಿ.

ಹೊರಗಿನ ಮೂರು ಬೆರಳಿನ ಕೆಲಸಕ್ಕೆ ಸೂರಲ್ ಬಿಡಲೇಬೇಡಿ. 60 ಕೆ.ಜಿ. ರೋಗಿಗೆ 0.5% ಬ್ಯುಪಿವಕೇನ್ (ಮರಗಟ್ಟಿಸುವ ಔಷಧಿ) ಕೆ.ಜಿ.ಗೆ 2 ಮಿ.ಗ್ರಾಂ ಲೆಕ್ಕದಲ್ಲಿ 120 ಮಿ.ಗ್ರಾಂ, ಅಂದರೆ 24 ಮಿ.ಲೀ. ಮಿತಿ. ಟಿಬಿಯಲ್ 5, ಡೀಪ್ ಪೆರೋನಿಯಲ್ 3, ಸೂಪರ್‌ಫಿಶಿಯಲ್ 6, ಸೂರಲ್ 4, ಸಫೀನಸ್ 3: ಒಟ್ಟು 21 ಮಿ.ಲೀ. ಉಳಿದ 3 ಮಿ.ಲೀ. ಬಿಟ್ಟುಹೋದ ಜಾಗಕ್ಕೆ. ಸೂಪರ್‌ಫಿಶಿಯಲ್‌ಗೆ ಟಿಬಿಯಾದ (ಮೊಣಕಾಲ ಕೆಳಗಿನ ದೊಡ್ಡ ಎಲುಬಿನ) ಅಂಚಿನಿಂದ ಹೊರಗಿಣ್ಣಿನವರೆಗೆ ಚರ್ಮದಡಿ ಪಟ್ಟಿಯಾಗಿ ಹಾಕಿ, ಒಂದೇ ಬಿಂದುವಿನಲ್ಲಿ ಅಲ್ಲ. ಕವಲು ಬೇರೆ ಬೇರೆ ದಾರಿಯಲ್ಲಿ ಬಂದಿದ್ದರೂ ಪಟ್ಟಿಯೊಳಗೆ ಸಿಗುತ್ತದೆ. ಸೂರಲ್‌ಗೆ ಹೊರಗಿಣ್ಣು ಮತ್ತು ಅಕಿಲಿಸ್ ನಡುವೆ, ಸ್ಮಾಲ್ ಸಫೀನಸ್ ವೇನ್ ಪಕ್ಕ. ಪ್ರತಿ ಸಲ ಸಿರಿಂಜನ್ನು ಹಿಂದಕ್ಕೆಳೆದು ರಕ್ತ ಬರುತ್ತದೆಯೋ ನೋಡಿ. 20 ನಿಮಿಷ ಕಾದು, ಮೇಷ್ಟ್ರು ಹೇಳಿದ ಹತ್ತು ಬದಿಯನ್ನೂ ಚುಚ್ಚಿ ಪರೀಕ್ಷಿಸಿದ ಮೇಲೆಯೇ ಬ್ಲೇಡು.

ಮೂಳೆ ವಿಭಾಗ, ಮಂಗಳೂರು

ಗಿಣ್ಣಿನ ಆರ್ಥ್ರೋಸ್ಕೋಪಿಯ (ಕೀಲಿನೊಳಗೆ ಕ್ಯಾಮೆರಾ ಹಾಕಿ ನೋಡುವ) ಆಂಟಿರೋಲ್ಯಾಟರಲ್ ಪೋರ್ಟಲ್ (ಮುಂದಿನ ಹೊರಬದಿಯ ತೂತು) ಇಂಟರ್‌ಮೀಡಿಯಟ್ ಕವಲಿಗೆ ತುಂಬಾ ಹತ್ತಿರ. ಪಾದವನ್ನು ಕೆಳಕ್ಕೆ ಮತ್ತು ಒಳಕ್ಕೆ ತಿರುಗಿಸಿ, ನಾಲ್ಕನೇ ಬೆರಳನ್ನು ಕೆಳಕ್ಕೆ ಬಗ್ಗಿಸಿದರೆ ತೆಳು ಕಾಲಿನಲ್ಲಿ ನರ ದಾರದ ಹಾಗೆ ಎದ್ದು ಕಾಣುತ್ತದೆ. ಪೆನ್ನಿನಲ್ಲಿ ಗುರುತು ಹಾಕಿ. ಆದರೆ ಪಾದ ನೇರಕ್ಕೆ ಬಂದ ಕೂಡಲೇ ನರ ಗುರುತಿನಿಂದ ಕೆಲವು ಮಿ.ಮೀ. ಹೊರಕ್ಕೆ ಸರಿಯುತ್ತದೆ, ಗುರುತು ಅಲ್ಲೇ ಉಳಿಯುತ್ತದೆ. ಆದ್ದರಿಂದ ಪೋರ್ಟಲ್ ಗುರುತಿನ ಒಳಬದಿಗೆ ಇರಲಿ. ಚರ್ಮ ಮಾತ್ರ ಕೊಯ್ದು, ಮುಂದಕ್ಕೆ ಮಸ್ಕಿಟೋ ಫೋರ್ಸೆಪ್ಸಿನಿಂದ (ಸಣ್ಣ ಚಿಮಟದಿಂದ) ಬಿಡಿಸಬೇಕು. ನರ ಎದ್ದು ಕಾಣಲಿಲ್ಲ ಎಂದರೆ ಇಲ್ಲ ಎಂದೇ ಅರ್ಥ ಅಲ್ಲ. ಬಾವು, ಕೊಬ್ಬು ಎರಡೂ ಮುಚ್ಚುತ್ತವೆ.

ಮುರಿದ ಫಿಬ್ಯುಲಾಗೆ ಪ್ಲೇಟು ಹಾಕುವಾಗ ಗಾಯ ಮೇಲಕ್ಕೆ ಉದ್ದ ಆದಷ್ಟೂ ಕಾಂಡ ಅಡ್ಡ ಬರುವ ಸಾಧ್ಯತೆ ಹೆಚ್ಚು. ಕವಲು ಫಿಬ್ಯುಲಾದ ಹಿಂದಿನಿಂದ ಬರುವವರಲ್ಲಿ ಕೆಳಗಿನ ಗಾಯದಲ್ಲೂ ಸಿಗುತ್ತದೆ.

ಚರ್ಮರೋಗ, ಉಡುಪಿ

ಒಂದು ಮಾತು ಸೇರಿಸುತ್ತೇನೆ. ಕುಷ್ಠ ಅಥವಾ ಬೇರೆ ನ್ಯೂರೋಪತಿಗೆ (ನರರೋಗಕ್ಕೆ) ಸೂರಲ್ ಬಯಾಪ್ಸಿ (ಪರೀಕ್ಷೆಗೆ ನರದ ತುಂಡು ತೆಗೆಯುವುದು) ಮಾಡುವಾಗ "ಪಾದದ ಹೊರ ಅಂಚು ಮಾತ್ರ ಜೋಮು ಹಿಡಿಯುತ್ತದೆ" ಎಂದು ಹೇಳಿ ಸಹಿ ಹಾಕಿಸುತ್ತಾರೆ. ಮೇಲಿನಂಥ ಕಾಲಿನಲ್ಲಿ ಜೋಮು ಮೂರನೇ ಬೆರಳಿನವರೆಗೆ ಬರುತ್ತದೆ. ಆದ್ದರಿಂದ ಮೊದಲೇ ತಿಳಿಸಿ, ಮೊದಲೇ ಹತ್ತಿ ಮತ್ತು ಪಿನ್ನಿನಿಂದ ನಕ್ಷೆ ಬರೆದಿಡಿ. ಜೋಮಿನ ಕಡೆಯಿಂದ ಸರಿಯಿರುವ ಕಡೆಗೆ ಬರಬೇಕು. 10 ಗ್ರಾಂ ಮಾನೋಫಿಲಮೆಂಟ್ (ಸ್ಪರ್ಶ ಪರೀಕ್ಷೆಯ ನೈಲಾನ್ ಎಳೆ) ಬಾಗುವಷ್ಟು ಒತ್ತಿ, ದಡ್ಡುಗಟ್ಟಿದ ಚರ್ಮದ ಮೇಲೆ ಬೇಡ.

ನಮ್ಮ ಕಡೆ ಇನ್ನೊಂದು ಕೇಳಲೇಬೇಕು: ಯಕ್ಷಗಾನದ ಗೆಜ್ಜೆಯೋ ಭೂತಕೋಲದ ಗಗ್ಗರವೋ ಕಟ್ಟುತ್ತಾರಾ ಎಂದು. ಅದು ಕೂರುವ ಜಾಗದಲ್ಲೇ ಈ ಕವಲುಗಳು ಎಲುಬಿನ ಮೇಲೆ ಬರೀ ಚರ್ಮದ ಅಡಿಯಲ್ಲಿ ಹೋಗುವುದು. ಬಿಗಿತದಿಂದ ಬಂದ ಜೋಮಿಗೂ ರೋಗದ ಜೋಮಿಗೂ ಚಿಕಿತ್ಸೆ ಒಂದೇ ಅಲ್ಲವಲ್ಲ.

ಅನಾಟಮಿ ಪಿಜಿ, ಮಂಗಳೂರು

ತುಂಬಾ ಉಪಕಾರ ಆಯಿತು ಸರ್, ಮೇಡಂ. ಕುತ್ತಿಗೆಯಿಂದ ಕೆಳಕ್ಕೆ ಹಿಂಬಾಲಿಸಿ ನೋಡಿದೆ, ಕಾಂಡ ಅಖಂಡ, ಕಡಿದ ತುದಿ ಇಲ್ಲ. ಆದರೆ ಲ್ಯಾಟರಲ್ ಕಂಪಾರ್ಟ್‌ಮೆಂಟಿನ ಒಳಗೆ ಇನ್ನೊಂದು ಸಣ್ಣ ಕವಲು ಸಿಕ್ಕಿತು. ಪೆರೋನಿಯಸ್ ಬ್ರೆವಿಸ್ ಸ್ನಾಯುವಿನ ಪಕ್ಕದಲ್ಲಿ ಇಳಿದು, ಹೊರಗಿಣ್ಣಿನ ಹಿಂದಿನಿಂದ ಸುತ್ತಿ ಪಾದಕ್ಕೆ ಹೋಗುತ್ತದೆ. ಇದನ್ನೇ ಇಂಟರ್‌ಮೀಡಿಯಟ್ ಎನ್ನಬಹುದಾ?

ಶಾರೀರ ಮೇಷ್ಟ್ರು, ಮಣಿಪಾಲ

ಬೇಡ. ಅದು ಎಲ್ಲಿ ಮುಗಿಯುತ್ತದೆ ಎಂದು ನೋಡಿ. ಎಕ್ಸ್‌ಟೆನ್ಸರ್ ಡಿಜಿಟೋರಮ್ ಬ್ರೆವಿಸ್ (ಪಾದದ ಮೇಲಿದ್ದು ಬೆರಳೆತ್ತುವ) ಸ್ನಾಯುವಿನ ಒಳಗೆ ಹೊಕ್ಕರೆ ಅದು ಆಕ್ಸೆಸರಿ ಡೀಪ್ ಪೆರೋನಿಯಲ್, ಸ್ನಾಯುವಿನ ನರ; ಹತ್ತು ಬದಿಯ ಪಟ್ಟಿಗೆ ಸೇರುವುದಿಲ್ಲ, ಬೇರೆ ಬರೆಯಿರಿ. ನರ್ವ್ ಕಂಡಕ್ಷನ್ (ಕರೆಂಟು ಕೊಟ್ಟು ನರದ ಪರೀಕ್ಷೆ) ಮಾಡುವವರಿಗೆ ಇದು ತೊಡಕು: ಆ ಸ್ನಾಯುವಿನ ಮೇಲೆ ಎಲೆಕ್ಟ್ರೋಡ್ ಇಟ್ಟಾಗ ಮೊಣಕಾಲಿನಲ್ಲಿ ಕೊಟ್ಟ ಕರೆಂಟಿಗೆ ಅಲೆ ದೊಡ್ಡದು, ಗಿಣ್ಣಿನ ಮುಂದೆ ಕೊಟ್ಟದ್ದಕ್ಕೆ ಸಣ್ಣದು ಬರುತ್ತದೆ. ಹೊರಗಿಣ್ಣಿನ ಹಿಂದೆ ಕೊಟ್ಟರೆ ಉಳಿದ ಅಲೆ ಸಿಗುತ್ತದೆ. ಸ್ನಾಯುವಿಗೆ ಹೊಕ್ಕುವ ಜಾಗದ ಫೋಟೋವನ್ನು ಸ್ಕೇಲ್ ಇಟ್ಟು ತೆಗೆಯಿರಿ, ಬಲಗಾಲಿನಲ್ಲೂ ಇದೆಯೋ ನೋಡಿ.