ಮಳೆಗಾಲದ ಖಡಕವಾಸಲಾ ಹಿನ್ನೀರಿನಲ್ಲಿ ಗಾಳ: ಕೆಂಪು ನೀರು ಬಂದ ಮೇಲೆ ರೋಹು ಕಚ್ಚುವುದೇ?

ಪ್ರಶ್ನೆ (ಸಿಂಹಗಡ ರಸ್ತೆ, ಪುಣೆ)

ಎಲ್ಲರಿಗೂ ನಮಸ್ಕಾರ. ನಾನು ಮೂಲತಃ ಹಾವೇರಿ ಕಡೆಯವನು, ಊರಿನ ಕೆರೆಯಲ್ಲಿ ಗಾಳ ಹಾಕಿ ಬೆಳೆದವನು. ಈಗ ಪುಣೆಯಲ್ಲಿದ್ದು, ರಜೆಯ ದಿನಗಳಲ್ಲಿ ಅನುಮತಿ ಇರುವ ಕಡೆ ಖಡಕವಾಸಲಾ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಕೂರುತ್ತೇನೆ. ಬೇಸಿಗೆಯಲ್ಲಿ ಚೆನ್ನಾಗಿ ಕಚ್ಚುತ್ತಿದ್ದ ರೋಹು ಮೀನುಗಳು, ಮಳೆ ಹಿಡಿದ ಮೇಲೆ ದಾರಕ್ಕೆ ಕಟ್ಟಿದ ತೇಲುವ ಬೆಂಡನ್ನು ಅಲುಗಿಸುವುದನ್ನೇ ಬಿಟ್ಟಿವೆ. ನೀರು ಕೆಂಪಾಗಿದೆ, ಮಟ್ಟವೂ ಏರುತ್ತಿದೆ. ಮಳೆ ಸುರಿಯುವಾಗಲೇ ಹೋಗಬೇಕೋ, ನಿಂತ ಮೇಲೋ? ಗಾಳವನ್ನು ದೂರ ಎಸೆಯಬೇಕೋ, ದಂಡೆಗೆ ಹತ್ತಿರವೋ? ಮೈದಾ ಉಂಡೆ ಬಳಸುತ್ತಿದ್ದೇನೆ. ಅದನ್ನು ಬದಲಿಸಬೇಕೇ?

ಉತ್ತರ 1 (ವಾರ್ಜೆ, ಪುಣೆ)

ತಾವು ಆಕಾಶ ನೋಡುವುದನ್ನು ಬಿಟ್ಟು ನೀರನ್ನು ನೋಡಿ ಹೊರಡುವುದು ಒಳ್ಳೆಯದು. ಖಡಕವಾಸಲಾದ ಮೇಲ್ಭಾಗದಲ್ಲಿ ಪಾನ್‌ಶೇತ್, ವರಸಗಾಂವ್, ಟೇಮಘರ್ ಅಣೆಕಟ್ಟುಗಳಿವೆ. ಅಲ್ಲಿಂದ ನೀರು ಬಿಟ್ಟಾಗ, ನಾವು ಕುಳಿತಲ್ಲಿ ಹನಿ ಮಳೆ ಇಲ್ಲದಿದ್ದರೂ ಮಟ್ಟ ಏರುತ್ತದೆ. ಹೀಗೆ ಏರುವ ನೀರು ದಂಡೆಯ ಒಣಹುಲ್ಲನ್ನು ಮುಳುಗಿಸಿ, ನೆಲದೊಳಗಿನ ಎರೆಹುಳು ಮತ್ತು ಕೀಟಗಳನ್ನು ಹೊರಗೆಬ್ಬಿಸುತ್ತದೆ. ಮೀನು ಅವನ್ನು ಹುಡುಕಿಕೊಂಡು ಮೊಣಕಾಲುದ್ದದ ನೀರಿಗೂ ಬರುತ್ತದೆ. ಬೇಸಿಗೆಯ ಅಭ್ಯಾಸದಂತೆ ಗಾಳವನ್ನು ದೂರಕ್ಕೆ ಎಸೆದು ಕುಳಿತರೆ, ಮೀನು ನಮ್ಮ ದಾರಕ್ಕಿಂತ ಈಚೆಗೇ ಮೇಯುತ್ತಿರುತ್ತದೆ. ಆದ್ದರಿಂದ ಹೊಸದಾಗಿ ಮುಳುಗಿದ ಹುಲ್ಲಿನ ಅಂಚಿನಲ್ಲಿ, ಸದ್ದು ಮಾಡದೆ, ಹತ್ತಿರದಲ್ಲೇ ಹಾಕಿ.

ಇನ್ನು ಕೆಂಪು ನೀರಿನ ವಿಚಾರ. ಮೊದಲ ಜೋರು ಮಳೆಗಳ ಮಣ್ಣು ನೀರಿನಲ್ಲಿ ಪೂರ್ತಿ ಕದಡಿರುವಾಗ ಕೂರುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಮೊಣಕೈವರೆಗೆ ಕೈ ಇಳಿಸಿ ನೋಡಿ. ಬೆರಳುಗಳು ಮಸುಕಾಗಿಯಾದರೂ ಕಂಡರೆ ಕೂರಬಹುದು, ಅಂಗೈಯೇ ಕಾಣದಿದ್ದರೆ ಬೇರೆ ಜಾಗ ಹುಡುಕುವುದು ಲೇಸು. ಹಳ್ಳ ಬಂದು ಸೇರುವ ಕಡೆ ಕೆಂಪು ನೀರಿಗೂ ತಿಳಿ ನೀರಿಗೂ ನಡುವೆ ಎದ್ದು ಕಾಣುವ ಒಂದು ಗೆರೆ ಇರುತ್ತದೆ. ಆ ಗೆರೆಯ ತಿಳಿ ಬದಿಯಲ್ಲಿ ಹಾಕಿದ ಗಾಳಕ್ಕೆ ಕಚ್ಚುವ ಸಾಧ್ಯತೆ ಹೆಚ್ಚು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಳೆ ನಿಂತು ಒಂದೆರಡು ದಿನ ಕಳೆದಾಗ ಈ ಗೆರೆ ಸ್ಪಷ್ಟವಾಗುತ್ತದೆ.

ಮೈದಾ ಉಂಡೆಗೆ ವಾಸನೆ ಕಡಿಮೆ. ಕದಡಿದ ನೀರಿನಲ್ಲಿ ಮೀನು ಕಣ್ಣಿಗಿಂತ ಮೂಗನ್ನೇ ನಂಬುವುದರಿಂದ, ಕಡಲೆಕಾಯಿ ಹಿಂಡಿಯನ್ನು ಹುರಿದು ಪುಡಿ ಮಾಡಿ, ಗೋಧಿ ಹಿಟ್ಟು ಮತ್ತು ಬೆಲ್ಲದೊಂದಿಗೆ ಗಟ್ಟಿಯಾಗಿ ಕಲಸಿ. ಎರೆಹುಳುವಂತೂ ಈ ಕಾಲಕ್ಕೆ ಎಲ್ಲಕ್ಕಿಂತ ಸಹಜವಾದ ಮೇವು. ಕಾಟ್ಲ ಮೇಲ್ಮಟ್ಟದಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ ಎಂಬುದನ್ನು ನೆನಪಿಟ್ಟು ಬೆಂಡಿನ ಎತ್ತರ ಹೊಂದಿಸಿಕೊಳ್ಳಿ.

ಉತ್ತರ 2 (ಪೊವಾಯಿ, ಮುಂಬೈ)

ಮೇಲಿನ ಮಾತುಗಳು ದೊಡ್ಡ ಜಲಾಶಯಕ್ಕೆ ಸರಿ. ಆದರೆ 1891ರಲ್ಲಿ ಕಟ್ಟಿದ ನಮ್ಮ ಪೊವಾಯಿಯಂತಹ ಊರೊಳಗಿನ ಕೆರೆಗೆ ಅದನ್ನೇ ಅನ್ವಯಿಸಲಾಗದು. ಇಲ್ಲಿ ಒಳಹರಿವಿನೊಂದಿಗೆ ಚರಂಡಿ ನೀರೂ ಬರುತ್ತದೆ. ಆ ಬಾಯಿಯ ಹತ್ತಿರ ಗಾಳ ಹಾಕುವುದು ಬೇಡ, ಗಾಯವಿರುವ ಕಾಲನ್ನು ನೀರಿಗೆ ಇಳಿಸುವುದಂತೂ ಬೇಡವೇ ಬೇಡ, ಏಕೆಂದರೆ ಇಲಿಜ್ವರ ಮುಂಬೈಯ ಮಳೆಗಾಲದ ಕಾಯಿಲೆ. ಪೊವಾಯಿಯಲ್ಲಿ ಮೊಸಳೆಗಳೂ ಇವೆ.

ಪಾಚಿ ತುಂಬಿದ ಕೆರೆಗಳಲ್ಲಿ ಮೋಡ ಕವಿದ ದಿನಗಳು ಸತತವಾಗಿ ಬಂದರೆ, ಬೆಳಕಿಲ್ಲದೆ ಪಾಚಿ ಆಮ್ಲಜನಕವನ್ನು ಸಾಕಷ್ಟು ಉತ್ಪಾದಿಸುವುದಿಲ್ಲ, ರಾತ್ರಿಯಿಡೀ ಉಸಿರಾಡಿ ಇದ್ದದ್ದನ್ನೂ ಬಳಸಿಬಿಡುತ್ತದೆ. ಆಗ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತವೆ. ಅದನ್ನು ಕಂಡು ಮೀನು ಹಸಿದಿದೆ ಎಂದುಕೊಳ್ಳಬಾರದು. ಆ ಸ್ಥಿತಿಯಲ್ಲಿ ಅವು ಮೇವನ್ನು ಮುಟ್ಟುವುದಿಲ್ಲ. ಅಂತಹ ವಾರದಲ್ಲಿ ಬೆಳಿಗ್ಗೆಗಿಂತ ಮಧ್ಯಾಹ್ನದ ನಂತರ ಹೋಗುವುದು ಸೂಕ್ತ. ಇಲ್ಲಿಯವರು ಮರಳ್ ಎನ್ನುವ ಕೊರವ ಮೀನು ಗಾಳಿಯನ್ನೇ ಉಸಿರಾಡುವುದರಿಂದ ಅದಕ್ಕೆ ಈ ತೊಂದರೆ ಇಲ್ಲ. ಆದರೆ ಕೆಂಪು ಮರಿಗಳ ಗುಂಪು ನೀರಿನ ಮೇಲೆ ಕುದಿಯುವಂತೆ ಕಂಡರೆ ಅಲ್ಲಿ ದಯವಿಟ್ಟು ಗಾಳ ಹಾಕಬೇಡಿ. ಕಾವಲಿರುವ ತಾಯಿತಂದೆ ಮೀನನ್ನು ಹಿಡಿದರೆ ಮರಿಗಳೆಲ್ಲ ಬೇರೆ ಮೀನುಗಳ ಪಾಲಾಗುತ್ತವೆ.

ಉತ್ತರ 3 (ಚಿಂಚವಡ)

ಮೊದಲ ಉತ್ತರಕ್ಕೆ ಒಂದು ಸೇರ್ಪಡೆ. ರೋಹು, ಕಾಟ್ಲ, ಮೃಗಾಲ್ ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಮಳೆಗಾಲದ ಹೊಸ ಹರಿವಿನ ಎದುರಿಗೆ ಏರಿ ಇಡುತ್ತವೆ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧರಿಯವರು ಹಾರ್ಮೋನು ಕೊಟ್ಟು ಇವುಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ಮರಿಗಳನ್ನು ಸಾಕಿ ಜಲಾಶಯಗಳಿಗೆ ಬಿಡುವುದು ಸುಲಭವಾಯಿತು. ಹೀಗೆ ಹರಿವಿನ ಎದುರಿಗೆ ಮೊಟ್ಟೆ ಇಡಲು ಏರುವುದರಿಂದ, ಹಳ್ಳದ ಬಾಯಲ್ಲಿ ಮೊಟ್ಟೆಯಿಂದ ಹೊಟ್ಟೆ ತುಂಬಿದ, ಮೆತ್ತಗಿನ ಮೀನು ಸಿಕ್ಕರೆ, ಒದ್ದೆ ಕೈಯಲ್ಲೇ ಕೊಕ್ಕೆ ಬಿಡಿಸಿ ನೀರಿಗೆ ಬಿಡಬೇಕೆಂದು ನಾನು ಬಲವಾಗಿ ಕೇಳಿಕೊಳ್ಳುತ್ತೇನೆ.

ಗುಡುಗು ಕೇಳಿದ ಕೂಡಲೇ ಕಾರ್ಬನ್‌ನ ಗಾಳದ ಕೋಲನ್ನು ಕೆಳಗಿಟ್ಟು ದಂಡೆ ಬಿಡಿ, ಏಕೆಂದರೆ ಅದು ವಿದ್ಯುತ್ತನ್ನು ಹರಿಯಗೊಡುತ್ತದೆ. ಹರಿವು ಎಷ್ಟು ಬೇಗ ಏರುತ್ತದೆ ಎಂಬುದಕ್ಕೆ 2024ರ ಜೂನ್ 30ರ ಘಟನೆಯೇ ಸಾಕ್ಷಿ. ಅಂದು ಲೋಣಾವಳದ ಭುಶಿ ಅಣೆಕಟ್ಟಿನ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಕೂರುವ ಮೊದಲು ನೀರಿನ ಅಂಚಿಗೆ ಸರಿಯಾಗಿ ಒಂದು ಕಡ್ಡಿ ನೆಟ್ಟು, ಅದನ್ನು ಆಗಾಗ ನೋಡುತ್ತಿರಿ. ನೀರು ಕಡ್ಡಿಯನ್ನು ದಾಟಿ ವೇಗವಾಗಿ ಮೇಲೇರುತ್ತಿದ್ದರೆ, ಮೀನು ಕಚ್ಚುತ್ತಿದ್ದರೂ ಸಾಮಾನು ಕಟ್ಟಿಕೊಂಡು ರಸ್ತೆಯ ಬದಿಗೆ ಬನ್ನಿ. ನಡುಗಡ್ಡೆಯಂತಹ ಜಾಗದಲ್ಲಿ ಮೊದಲೇ ಕೂರಬೇಡಿ.