ರೂಯಿನ್ಸ್‌ಗೆ ಬೋರ್ಡಿನ ಮೇಲೆ ಏನ್ ಬರೀಬೇಕು? (ವಿಜಯಪುರ, ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ. ವಿಜಯಪುರದ ಕೋಟೆ ಗೋಡೆ ಪಕ್ಕದ ನಡಿಗೆ ದಾರಿಗೆ ಇಂಗ್ಲಿಷಿನಿಂದ ಬೋರ್ಡ್ ಅನುವಾದ ಮಾಡ್ತಿದೀನಿ, ನಾಳೆ ಸಂಜೆ ಪ್ರಿಂಟಿಗೆ ಹೋಗ್ಬೇಕು. ಈ ರೂಯಿನ್ಸ್ ಇವತ್ತಿನ ಊರಿನ ಬದುಕಿನ ಜತೆ ಇಂಟಿಗ್ರೇಟ್ ಆಗಿವೆ, ಕೆಡಿಸಬೇಡಿ, ಇಷ್ಟೇ ವಿಷ್ಯ. 'ಭಗ್ನಾವಶೇಷ' ಹಾಕಿ ನೋಡ್ದೆ, ಓದಿದ ತಕ್ಷಣ ಟೀವಿಯವರ 'ಅವಶೇಷಗಳಡಿ ಸಿಲುಕಿದ ಕಾರ್ಮಿಕರು' ನೆನಪಾಗತ್ತೆ. 'ಪಳೆಯುಳಿಕೆ' ಆಗ್ಲೇ ಡೈನೋಸಾರ್ ಪಾಲಾಗಿದೆ, 'ಪಾಳು ಕಟ್ಟಡ' ಅಂದ್ರೆ ದೆವ್ವ. ಇನ್ನು ಇಂಟಿಗ್ರೇಟ್‌ಗೆ 'ಏಕೀಕರಣ' ಅಂದ್ರೆ ನವೆಂಬರ್ ಒಂದನೇ ತಾರೀಕಿನ ಭಾಷಣ ಆಗೋಗತ್ತೆ. ಯಾರಾದ್ರೂ ಬೇಗ ಹೇಳಿ ಪ್ಲೀಸ್.

---

ಹಾಳು ಅಂತಲೇ ಬರೀರಿ. ಹಳಗನ್ನಡದ ಪಾೞ್, ತಮಿಳಲ್ಲೂ ಅದೇ, ಪಕಾರ ಹಕಾರ ಆಗಿ ಹಾಳು. 'ಹಾಳು ಹಂಪೆ' ಅನ್ನೋಕೆ ಹಿಂದಿನವರಿಗೆ ಇಲ್ಲದ ಮುಜುಗರ ನಿಮಗ್ಯಾಕೆ? ಅವಶೇಷ ಸಂಸ್ಕೃತದವರಿಗೇ ಇರಲಿ. ಹಾಗೇ ಬೋರ್ಡಲ್ಲಿ ಕೋಟೆ ಸುತ್ತಿನ ಕಾಲುವೆಗೆ ಖಂದಕ ಅಂತಿದ್ರೆ ಕಿತ್ತಾಕಿ, ಅಗಳು ಅಂತ ಬಂಗಾರದಂಥ ಪದ ಇದೆ.

---

> ಹಾಳು ಅಂತಲೇ ಬರೀರಿ

ಸರ, ಹಾಳು ಅಂತ ಬೋರ್ಡ್ ಹಚ್ಚಿದ್ರ ಕಸಾ ಒಗಿಯಾಕ ಪರವಾನಗಿ ಕೊಟ್ಟಂಗ ಆಕ್ಕೈತಿ. ಈಗೇ ಒಗೀತಾರ.

ನಾ ಇದೇ ಊರಾಂವ. ನಮ್ಮಲ್ಲಿ ಯಾರೂ ಅವಶೇಷನೂ ಅನ್ನಂಗಿಲ್ಲ, ಸ್ಮಾರಕನೂ ಅನ್ನಂಗಿಲ್ಲ, ಅದು ಸರ್ಕಾರಿ ನೀಲಿ ಬೋರ್ಡಿನ ಮಾತು. ನಾವು ಕ್ವಾಟಿ ಗ್ವಾಡಿ ಅಂತೀವಿ, ಅಗಸಿ ಅಂತೀವಿ, ಬಾವಡಿ, ಬುರ್ಜು, ಗುಮ್ಮಟ, ಒಂದೊಂದಕ್ಕ ಒಂದೊಂದು ಹೆಸರೈತಿ, ಎಲ್ಲಾ ಕೂಡಿಸಿ ಒಂದು ಹೆಸರು ಬೇಕಾಗೇ ಇಲ್ಲ. ಅದೂ ಅಲ್ದ ಬಾರಾ ಕಮಾನಕ್ಕ ರೂಯಿನ್ ಅಂದವರು ಯಾರ್ರಿ? ಎರಡನೇ ಅಲಿ ಆದಿಲ್ ಶಾಹ ತನ್ನ ಗೋರಿಗಂತ ಹಿಡಿಸಿದ ಕೆಲಸ ಅದು, 1672ರಾಗ ಆಂವ ತೀರಿಕೊಂಡ, ಕಟ್ಟೂದು ಮುಗೀಲೇ ಇಲ್ಲ. ಎದ್ದಿದ್ರ ತಾನ ಬೀಳಾಕ? ಅವಶೇಷ ಅಂದ್ರೂ ತಪ್ಪು, ಹಾಳು ಅಂದ್ರೂ ತಪ್ಪು.

ಇನ್ನ ಇಂಟಿಗ್ರೇಟ್. 1885ರಾಗ ಕಲಾದಗಿಯಿಂದ ಜಿಲ್ಲಾ ಕಚೇರಿ ಇಲ್ಲಿಗೆ ತಂದಾಗ ಬ್ರಿಟಿಷರು ಆದಿಲ್‌ಶಾಹಿ ಕಟ್ಟಡದಾಗೇ ಆಫೀಸು ಹೂಡಿದ್ರು, ಮಸೂತಿಯೊಳಗ ಪೋಸ್ಟ್ ಆಫೀಸೂ ಇತ್ತು. ಗೋಳ ಗುಮ್ಮಟದ ಮುಂದಿನ ನಗಾರಖಾನಿ ಇವತ್ತಿಗೂ ಮ್ಯೂಸಿಯಂ. ಹತ್ತು ಕಿಲೋಮೀಟರ್ ಸುತ್ತಿನ ಗ್ವಾಡಿಗೆ ಮನಿ ಹೊಂದಿ ನಿಂತಾವ, ಒಂದು ಕಡೆ ಸೀರಿ ಒಣಗ್ತಿರ್ತಾವ, ಇನ್ನೊಂದು ಕಡೆ ಹುಡುಗ್ರು ಕಲ್ಲಿನ ಮ್ಯಾಲ ಇದ್ದಲಿಯಿಂದ ಮೂರು ಗೀಟು ಎಳದು ಸ್ಟಂಪ್ ಮಾಡ್ಯಾರ. ಹಿಂಗ ಇರೂದಕ್ಕ ಸಮನ್ವಯ ಗಿಮನ್ವಯ ಅಂತ ಯಾಕ ಬರೀತೀರಿ, ಊರಿಂದು ಅಂದ್ರ ಮುಗೀತು. ಮನಿ ರಿಪೇರಿ ಮಾಡಸೂದು ಮಾತ್ರ ಕೇಳಬ್ಯಾಡ್ರಿ, ರಕ್ಷಿತ ಕಟ್ಟಡದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ, ಪ್ರಾಚೀನ ಸ್ಮಾರಕ ಕಾಯ್ದೆಗೆ 2010ರ ತಿದ್ದುಪಡಿ ಬಂದಮ್ಯಾಲ ಈ ಎರಡು ಶಬ್ದ ಇಲ್ಲಿ ಸಣ್ಣ ಹುಡುಗರಿಗೂ ಬಾಯಿಪಾಠ ಆಗ್ಯಾವ. ಆ ಶಬ್ದಕ್ಕ ಯಾರೂ ಅಚ್ಚಗನ್ನಡ ಹುಡುಕಿ ಕೊಡ್ಲಿಲ್ಲ ನೋಡ್ರಿ.

---

ಖಂದಕದ ಬಗ್ಗೆ ಒಂದು ಮಾತು. ಅರಬ್ಬಿಯ ಖಂದಕ್ ಮೂಲದಲ್ಲಿ ಪಾರಸಿ, ಅಗೆದದ್ದು ಅನ್ನೋ ಅರ್ಥದ ಕಂದಕ್. ಅಗಳು ಕೂಡ ಅಗೆಯೋದ್ರಿಂದಲೇ ಬಂದದ್ದು, ಹಳಗನ್ನಡದ ಅಗೞ್. ಎರಡು ಭಾಷೆಯವರೂ ಒಂದೇ ಥರ ಯೋಚ್ನೆ ಮಾಡಿದಾರೆ, ಕಿತ್ತಾಕೋಕೆ ಏನಿದೆ ಇದ್ರಲ್ಲಿ? ಕಮಾನೂ ಪಾರಸಿ ಪದವೇ, ಅದನ್ನ ಬಿಟ್ಟು ಬಾರಾ ಕಮಾನ್ ಅನ್ನೋದು ಹೇಗೆ ಅಂತಾನೂ ತಿಳಿಸಿ.

---

> ಎರಡು ಭಾಷೆಯವರೂ ಒಂದೇ ಥರ

ಅರ್ಥ ಒಂದೇ ಆದ್ಮೇಲೆ ನಮ್ಮದನ್ನ ಬಳಸೋಕೆ ಏನ್ ರೋಗ? ಹೆಸರಿನ ಮಾತು ಬೇರೆ, ಬಳಕೆ ಮಾತು ಬೇರೆ. ಇಂಗ್ಲಿಷಿನವರು ಪದ ಸಾಲ ತಂದ್ರು ನಾವೂ ತರೋಣ ಅನ್ನೋ ವಾದ ಈ ಮೇಲಿಂಗ್ ಲಿಸ್ಟಲ್ಲಿ ಹಳಸಿದೆ.

---

ಸ್ವಾಮಿ, 'ಲಿಸ್ಟ್' ಅಂದ್ರಲ್ಲ.

---

ಹಲಗೆಗೆ ಬೋರ್ಡು ಅಂತ ಮೊದಲ ಸಾಲಲ್ಲೇ ಬರೆದವರನ್ನ ಬಿಟ್ಟು ನನ್ನ ಹಿಡ್ಕೊಂಡ್ರಲ್ಲ. ಇನ್ನು ನಾನು ಈ ಚರ್ಚೆಗೆ ಬರಲ್ಲ. ಅಗಳು ಸರಿ, ಅಷ್ಟೇ.

---

ಎಲ್ರಿಗೂ ಥ್ಯಾಂಕ್ಸ್, ವಿಜಯಪುರದ ಸರ್‌ಗೆ ಡಬಲ್. ರೂಯಿನ್ಸ್ ಪದನೇ ಕೈಬಿಟ್ಟೆ. ಮ್ಯಾಪಿನ ತಲೆಬರಹ 'ಊರಿನ ಹಳೇ ಕಟ್ಟಡಗಳು'. ಗೋಡೆ ಹತ್ರ 'ಹಳೇ ಕೋಟೆ ಗೋಡೆ, ಇವತ್ತಿಗೂ ಊರಿನದೇ. ಕಸ ಹಾಕಬೇಡಿ, ಗೀಚಬೇಡಿ'. ಬಾರಾ ಕಮಾನ್ ಕೆಳಗೆ 'ಅರ್ಧಕ್ಕೆ ನಿಂತ ಗೋರಿ'. ಕ್ವಾಟಿ ಗ್ವಾಡಿ ಅಂತಲೇ ಹಾಕೋ ಆಸೆ ಇತ್ತು, ಕೆಲಸ ಕೊಟ್ಟವರು ಒಪ್ಪಲಿಲ್ಲ. ಪ್ರೂಫ್ ಹೋಯ್ತು. ಖಂದಕ-ಅಗಳು ಎರಡೂ ಓರೆಗೆರೆ ಹಾಕಿ ಇಟ್ಟಿದೀನಿ, ಯಾವುದು ಮೊದ್ಲು ಬರಬೇಕಿತ್ತು ಅನ್ನೋ ಜಗಳ ದಯವಿಟ್ಟು ಬೇರೆ ಥ್ರೆಡ್‌ನಲ್ಲಿ ಆಡಿ.